ಜಿರಳೆ ಕೊಲ್ಲದವರ ಸಾಕ್ಷಿ

ಚಿನ್ನು, ಪುಟ್ಟ,

ನಿಮ್ಮ ಅಮ್ಮ ಸಿಟ್ಟಿನಲ್ಲಿ ದನಿ ಏರಿಸಿದಾಗಲೆಲ್ಲ ನಿಮ್ಮ ಅಪ್ಪ, "ಮೆಲ್ಲ ಮಾರಾಯ್ತಿ, ಸರಕಾರಕ್ಕೆ ಕೇಳೀತು" ಅನ್ನುತ್ತಾರೆ. ಅವಳು ಸೌಟು ಎತ್ತುತ್ತಾಳೆ, ಅವರು ನಗುತ್ತಾರೆ, ನೀವೂ ನಗುತ್ತೀರಿ. ಯಾಕೆ ನಗುವುದೆಂದು ನಿಮಗೆ ಗೊತ್ತಿಲ್ಲ. ಆಗ ನೀವು ಬಹಳ ಸಣ್ಣವರು. ಪುಟ್ಟ ನನ್ನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ, ಚಿನ್ನು ಶಾಲೆಗೆ ಹೋಗಲಿಕ್ಕೆ ಅಳುತ್ತಿದ್ದಳು.

ಬಾಯಲ್ಲಿ ಹೇಳೋಣವೆಂದರೆ ನನಗೆ ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ, ನಿಮ್ಮಿಬ್ಬರ ಮುಂದೆಯೂ ಅಷ್ಟೇ. ನಾನು ಕನ್ನಡದಲ್ಲಿ ಒಂದು ಕೇಳಿದರೆ ನೀವು ಇಂಗ್ಲಿಷಿನಲ್ಲಿ ಹತ್ತು ಹೇಳುತ್ತೀರಿ. ಅಷ್ಟರಲ್ಲಿ ನನ್ನ ಕತೆ ಎಲ್ಲಿತ್ತೆಂದು ನನಗೇ ಮರೆತುಹೋಗುತ್ತದೆ. ಊರಿನ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ ಕೈಯಲ್ಲಿ ಇನ್ನೂ ಉಂಟು. ಆದ್ದರಿಂದ ಬರೆಯುತ್ತೇನೆ. ನಿಮ್ಮ ಅಮ್ಮ ಹಿಂಸಾಚಾರಿ ಎಂದು ಸರಕಾರಕ್ಕೆ ವರದಿ ಹೋದ ಕತೆ ಇದು. ವರದಿ ಕೊಟ್ಟವರು ಜಿರಳೆಯನ್ನೂ ಕೊಲ್ಲದವರು.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮ ಅಮ್ಮ ನನ್ನನ್ನು ಊರಿನಿಂದ ಕರೆಸಿಕೊಂಡಳು. ಆಗ ನಮ್ಮ ಮನೆ ದುಬೈಯ ಅಲ್ ಮುರಕ್ಕಬಾತಿನಲ್ಲಿ. ಕೆಳಗೆ ಒಂದು ಹೋಟೆಲು, ಮೇಲೆ ನಾವು. ಹೋಟೆಲಿನ ಬಿರಿಯಾನಿಯ ವಾಸನೆ ನಮಗೆ ಪುಕ್ಕಟೆ ಬರುತ್ತಿತ್ತು, ಅದರ ಹಿಂದೆಯೇ ಪೈಪು ಹತ್ತಿ ಹೋಟೆಲಿನ ಜಿರಳೆಗಳೂ ಬರುತ್ತಿದ್ದವು. ಈ ಜಿರಳೆಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಅವು ಸರಕಾರದವರೆಗೆ ಹೋಗುತ್ತವೆ.

ನಿಮ್ಮ ಅಮ್ಮ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಳು. ಅಲ್ಲಿ ಯಾರೋ ಹೇಳಿದರೆಂದು ಬರ್ ದುಬೈಯ ಒಂದು ಸಂಘಕ್ಕೆ ಹೋಗತೊಡಗಿದಳು, ನನ್ನನ್ನೂ ಎಳೆದುಕೊಂಡು ಹೋದಳು. ನಾನು ಅದನ್ನು ಶಾಂತಿಯವರ ಸಂಘ ಎನ್ನುತ್ತೇನೆ. ಅದರ ನಿಜವಾದ ಹೆಸರು ತುಂಬ ಉದ್ದ, ಅದರಲ್ಲಿ 'ವಿಶ್ವ' ಎಂಬ ಮಾತು ಎರಡು ಸಲ ಬರುತ್ತದೆ. ಬಟ್ಟೆ ಅಂಗಡಿಗಳ ಸಾಲಿನ ಹಿಂದೆ ಒಂದು ಮಹಡಿ, ಭಾನುವಾರ ಬೆಳಿಗ್ಗೆ ಸಭೆ. ಬೇರೆ ಬೇರೆ ರಾಜ್ಯದವರು ಇದ್ದುದರಿಂದ ಮಾತೆಲ್ಲ ಹಿಂದಿಯಲ್ಲಿ. ನನ್ನ ಹಿಂದಿ ಟಿವಿ ಧಾರಾವಾಹಿ ನೋಡಿ ಕಲಿತದ್ದು. ಅತ್ತೆ ಸೊಸೆಗೆ ಬೈಯುವುದೆಲ್ಲ ಚೆನ್ನಾಗಿ ಅರ್ಥವಾಗುತ್ತದೆ, ಉಳಿದದ್ದು ಅರ್ಧ.

ಅವರ ನೇಮ ಬಲು ಕಠಿಣ. ಇರುವೆಯನ್ನೂ ಕೊಲ್ಲಬಾರದು. ಸುಳ್ಳು ಹೇಳಬಾರದು. ಯಾವ ದೇಶದ ಸೈನ್ಯಕ್ಕೂ ಸೇರಬಾರದು, ಕೋವಿ ಮುಟ್ಟಬಾರದು. ಎದುರಿಗಿದ್ದವರಿಗೆ 'ಇಲ್ಲ' ಎನ್ನಬಾರದು, ಯಾಕೆಂದರೆ 'ಇಲ್ಲ' ಎಂದರೆ ಅವರಿಗೆ ನೋವಾಗುತ್ತದೆ. ಸಂಘದ ಅಧ್ಯಕ್ಷರು ಈ ಕೊನೆಯ ನೇಮವನ್ನು ಪಾಲಿಸುವುದನ್ನು ನೋಡಬೇಕಿತ್ತು. ತಿಂಡಿಯ ತಟ್ಟೆಯ ಕೊನೇ ಗೋಳಿಬಜೆ ಬೇಕಾ ಎಂದು ಕೇಳಿದರೆ ಅವರು ಒಂದು ದಿನವೂ ಯಾರಿಗೂ ನೋವು ಮಾಡಿದವರಲ್ಲ. ಬಿಳಿ ಪೈಜಾಮ, ಬಿಳಿ ಗಡ್ಡ, ಹತ್ತಿಯಂಥ ದನಿ. ಮಿರ್ದಿಫಿನಲ್ಲಿ ದೊಡ್ಡ ವಿಲ್ಲಾ. ಆ ವಿಲ್ಲಾ ಎದ್ದದ್ದು ತಿಗಣೆ, ಜಿರಳೆ, ಇಲಿಗಳಿಗೆ ಔಷಧ ಹೊಡೆಯುವ ಕಂಪನಿಯಿಂದ. ಈಗ ಅದನ್ನು ಮಗ ನೋಡಿಕೊಳ್ಳುತ್ತಿದ್ದ. ಯಾರಾದರೂ ಆ ವಿಷಯ ಎತ್ತಿದರೆ ಅಧ್ಯಕ್ಷರು ಕಣ್ಣು ಮುಚ್ಚಿ, "ಅದು ಮಗನ ಕರ್ಮ" ಅನ್ನುತ್ತಿದ್ದರು. ಕರ್ಮ ಮಗನದ್ದು, ವಿಲ್ಲಾ ತಂದೆಯದ್ದು.

ಸಭೆಯಲ್ಲಿ ಅವರ ಮುಖ್ಯ ಪದ್ಧತಿಯೆಂದರೆ ಒಪ್ಪಿಸುವುದು. ಒಬ್ಬೊಬ್ಬರಾಗಿ ಎದ್ದು ನಿಂತು ಆ ವಾರ ತಾವು ಮಾಡಿದ ಹಿಂಸೆಯನ್ನು ಎಲ್ಲರ ಮುಂದೆ ಹೇಳಬೇಕು. ಕೈಯಿಂದ ಮಾಡಿದ್ದು, ನಾಲಿಗೆಯಿಂದ ಮಾಡಿದ್ದು, ಮನಸ್ಸಿನಿಂದ ಮಾಡಿದ್ದು. ಹೇಳಿ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ "ಶಾಂತವಾಗಲಿ" ಅನ್ನುತ್ತಾರೆ, ಅಲ್ಲಿಗೆ ಅದು ಖಲಾಸ್. ಹೆಚ್ಚು ಒಪ್ಪಿಸಿದವರು ಹೆಚ್ಚು ಶುದ್ಧರು ಎಂದು ಲೆಕ್ಕ, ಅವರಿಗೆ ಮುಂದಿನ ಸಾಲು. ಹಾಗಾಗಿ ಪೈಪೋಟಿ ಇತ್ತು. ಒಬ್ಬರು ಟ್ಯಾಕ್ಸಿಯವನಿಗೆ ಬೈದೆ ಅಂದರೆ ಇನ್ನೊಬ್ಬರು ಅದೇ ಟ್ಯಾಕ್ಸಿಯ ಅಡಿಗೆ ತನ್ನ ನಾದಿನಿಯನ್ನು ಮನಸ್ಸಿನಲ್ಲೇ ಹಾಕಿ ಬರುತ್ತಿದ್ದರು.

ಈ ಕೆಲಸದಲ್ಲಿ ನಿಮ್ಮ ಅಮ್ಮನನ್ನು ಮೀರಿಸಿದವರಿಲ್ಲ. ಅವಳು ಚಿಕ್ಕಂದಿನಿಂದ ಹಾಗೆಯೇ, ಮಾಡಿದ್ದನ್ನು ಮುಚ್ಚಿಡಲಿಕ್ಕೆ ಬಾರದು. ಚಪ್ಪಲಿಯಲ್ಲಿ ಹೊಡೆದ ಜಿರಳೆ, ಚಿನ್ನುವಿನ ಕಿವಿ ಹಿಂಡಿದ್ದು, ಲ್ಯಾಬಿನ ಸೂಪರ್‌ವೈಸರನನ್ನು ಮನಸ್ಸಿನಲ್ಲಿ ಅಬ್ರಾ ದೋಣಿಯಿಂದ ಕ್ರೀಕಿನ ನೀರಿಗೆ ನೂಕಿದ್ದು, ಎಲ್ಲವನ್ನೂ ವಾರ ವಾರ ಒಪ್ಪಿಸುತ್ತಿದ್ದಳು. ಬೇಗನೆ ಮುಂದಿನ ಸಾಲಿಗೆ ಹೋದಳು. ನಾನು ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದೆ. ನನ್ನ ಸರದಿ ಬಂದಾಗ ಎದ್ದು, "ಏನೂ ಇಲ್ಲ" ಎಂದು ಕೂತುಬಿಡುತ್ತಿದ್ದೆ. ಅಧ್ಯಕ್ಷರು, "ಅಮ್ಮ ಇನ್ನೂ ಅರಳಬೇಕು" ಅನ್ನುತ್ತಿದ್ದರು. ಆಮೇಲೆ ಚಾ ಮಾಡುವ ಕೆಲಸ ನನಗೆ ಕೊಟ್ಟರು. ನನಗೂ ಅದೇ ಬೇಕಿತ್ತು.

ಆ ವರ್ಷ ನಿಮ್ಮ ಅಪ್ಪನ ಕಂಪನಿ ಮುಚ್ಚಿತು. ನಮ್ಮೆಲ್ಲರ ವೀಸಾ ಆ ಕಂಪನಿಯ ಬಾಲಕ್ಕೇ ಕಟ್ಟಿದ್ದು. ಗಡುವಿನೊಳಗೆ ಬೇರೆ ದಾರಿ ಆಗದಿದ್ದರೆ ಎಲ್ಲರೂ ಗಂಟು ಕಟ್ಟಿ ಹೊರಡಬೇಕು. ಅದೇ ಹೊತ್ತಿಗೆ ನಿಮ್ಮ ಅಮ್ಮನಿಗೆ ಅಬುಧಾಬಿಯಲ್ಲಿ ಒಂದು ಸರಕಾರಿ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಸಂಬಳ, ಮನೆ, ಎಲ್ಲರ ವೀಸಾ. ಬಾಗಿಲಲ್ಲಿ ಕಾವಲು ಇರುವಂಥ ಜಾಗ ಅದು, ಆದ್ದರಿಂದ ಕೆಲಸಕ್ಕೆ ಸೇರುವ ಮೊದಲು ಸರಕಾರದವರು ಮನುಷ್ಯ ಹೇಗೆ ಎಂದು ವಿಚಾರಿಸುತ್ತಾರೆ. ಇವಳು ಕ್ಲಿನಿಕ್ಕಿಗೆ ರಾಜೀನಾಮೆ ಕೊಟ್ಟೂ ಆಗಿತ್ತು. ಇನ್ನು ಒಂದು ವಿಚಾರಣೆ ಮುಗಿದರೆ ಸಾಕು.

"ನಿನ್ನ ಬಗ್ಗೆ ಹೇಳಲಿಕ್ಕೆ ಯಾರ ಹೆಸರು ಕೊಟ್ಟಿದ್ದಿ?" ಎಂದು ನಿಮ್ಮ ಅಪ್ಪ ಕೇಳಿದರು.

"ನಮ್ಮ ಅಧ್ಯಕ್ಷರದ್ದು. ಶಾಂತಿಯವರಿಗಿಂತ ಒಳ್ಳೆಯ ಸಾಕ್ಷಿ ಯಾರು ಸಿಗ್ತಾರೆ?"

"ಅದೂ ಹೌದು" ಎಂದರು ಅವರು.

ನನಗೂ ಹೌದೆಂದೇ ಕಂಡಿತು. ನಿಮ್ಮ ಅಜ್ಜ ಬದುಕಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಅವರು ಬಸ್ಸಿನ ಕಂಡಕ್ಟರು. "ಬಸ್ಸಿನಲ್ಲಿ ಯಾರು ನನ್ನನ್ನು ನೋಡಿ ಜಾಸ್ತಿ ಹಲ್ಲು ಬಿಡ್ತಾನೋ, ಅವನ ಟಿಕೆಟು ಮೊದಲು ಕೇಳಬೇಕು" ಎಂದು ಅವರ ಶಾಸ್ತ್ರ.

ವಿಚಾರಣೆಯ ಅಧಿಕಾರಿ ಸಂಘಕ್ಕೆ ಬರುವುದೆಂದು ಗೊತ್ತಾದಾಗ ಅಲ್ಲಿ ಮದುವೆ ಮನೆಯ ಸಂಭ್ರಮ. ಅಷ್ಟು ಕಾಲ ವಿಶ್ವಕ್ಕೆ ಶಾಂತಿ ಹಂಚಿದರೂ ವಿಶ್ವದಿಂದ ಒಬ್ಬನೂ ಕೇಳಿಕೊಂಡು ಬಂದಿರಲಿಲ್ಲ. ಈಗ ಸರಕಾರವೇ ಮೆಟ್ಟಿಲು ಹತ್ತಿ ಬರುತ್ತಿದೆ. ಸೈನ್ಯದ ಬಳಿ ಹೋಗದವರು ವಿಚಾರಣೆಗೆ ಸಹಕರಿಸಬಹುದೇ ಎಂದು ಯಾರೋ ಕೇಳಿದರು. ಅಧ್ಯಕ್ಷರು, "ಸಹಕಾರ ಕೊಡದಿರುವುದು ವಿರೋಧ, ವಿರೋಧ ಎಂದರೆ ಹಿಂಸೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಕೋವಿ ಮುಟ್ಟದ ಜನ. ಪಾಪ, ನಾಲಿಗೆಯಲ್ಲೂ ಗುಂಡು ಇರುತ್ತದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಂದವರು ಕಂದೂರ ಎಂಬ ಬಿಳಿ ನಿಲುವಂಗಿ ತೊಟ್ಟ ಈ ದೇಶದ ಒಬ್ಬ ಹುಡುಗ, ನಿಮ್ಮ ಅಪ್ಪನಿಗಿಂತ ಸಣ್ಣ ಪ್ರಾಯ. ಹಿಂದಿ ನನಗಿಂತ ಚೆನ್ನಾಗಿ ಮಾತಾಡಿದರು. ಅಧ್ಯಕ್ಷರೂ ಕಾರ್ಯದರ್ಶಿ ಹೆಂಗಸೂ ಅವರ ಎದುರು ಕೂತರು. ಚಾ ಮಾಡಲು ಬಂದಿದ್ದ ನಾನು ಪಕ್ಕದ ಸಣ್ಣ ಅಡಿಗೆ ಕೋಣೆಯಲ್ಲಿ. ಬಾಗಿಲು ತೆರೆದೇ ಇತ್ತು.

"ಈಕೆಯ ಸ್ವಭಾವ ಹೇಗೆ?" ಎಂದು ಅಧಿಕಾರಿ ಕೇಳಿದರು.

"ನಮ್ಮ ಸಂಘದ ರತ್ನ, ಸರ್" ಎಂದರು ಅಧ್ಯಕ್ಷರು. "ಹಿಂಸೆಯ ವಿಷಯದಲ್ಲಿ ಅವರನ್ನು ಮೀರಿಸುವವರು ನಮ್ಮಲ್ಲಿ ಇಲ್ಲ."

ಬರೆಯುತ್ತಿದ್ದ ಪೆನ್ನು ನಿಂತಿತು. "ಹಿಂಸೆ?"

"ವಾರ ವಾರ ಸರ್. ಕೈಯಲ್ಲಿ, ನಾಲಿಗೆಯಲ್ಲಿ, ಮನಸ್ಸಿನಲ್ಲಿ. ಮೂರರಲ್ಲೂ."

"ಯಾರ ಮೇಲೆ?"

"ಹೆಚ್ಚಾಗಿ ತನ್ನ ಸೂಪರ್‌ವೈಸರ್ ಮೇಲೆ. ಒಮ್ಮೆ ಕ್ರೀಕಿಗೆ ನೂಕಿದರು."

"ಗಂಡನದ್ದು ಬಿಟ್ಟಿರಲ್ಲ" ಎಂದು ಕಾರ್ಯದರ್ಶಿ ನೆನಪಿಸಿದರು. "ದೋಸೆ ಕಾವಲಿಯದ್ದು."

"ಹಾಂ, ಕಾವಲಿ. ತಲೆಗೆ."

ಅಧಿಕಾರಿ ಇಬ್ಬರನ್ನೂ ನೋಡಿದರು. "ಗಂಡನಿಗೆ ಪೆಟ್ಟಾಯಿತಾ?"

"ಸರ್, ಇದೆಲ್ಲ ಮನಸ್ಸಿನಲ್ಲಿ ಮಾಡಿದ್ದು. ಆದರೆ ನಮ್ಮ ತತ್ವದಲ್ಲಿ ಮನಸ್ಸಿನಲ್ಲಿ ಹೊಡೆದರೂ ಹೊಡೆದ ಹಾಗೆಯೇ. ಕಡಿಮೆ ಮಾಡಿ ಹೇಳುವ ಹಾಗಿಲ್ಲ, ಸತ್ಯ ನಮ್ಮ ಎರಡನೇ ನೇಮ" ಎಂದರು ಅಧ್ಯಕ್ಷರು.

"ನಿಜವಾಗಿ ಕೈಯಿಂದ ಏನಾದರೂ?"

"ಮಗಳ ಕಿವಿ. ಮತ್ತೆ ಜಿರಳೆಗಳು" ಎಂದರು ಕಾರ್ಯದರ್ಶಿ. "ಔಷಧ ಹಾಕಿ, ಮರಿಗಳ ಸಮೇತ. ಅದನ್ನು ಇಲ್ಲಿ ಒಪ್ಪಿಸುವಾಗ ಕಣ್ಣಲ್ಲಿ ನೀರಿತ್ತು ಸರ್, ಅಷ್ಟು ಒಳ್ಳೆಯ ಹುಡುಗಿ."

ಅವರು ನಿಜವಾಗಿಯೂ ಹೊಗಳುತ್ತಿದ್ದರು, ಮಕ್ಕಳೇ. ಹಗೆಯಿಂದ ಹೇಳಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಅವರ ಶಾಲೆಯಲ್ಲಿ ಯಾರು ಹೆಚ್ಚು ಪಾಪ ಹೇಳುತ್ತಾರೋ ಅವರಿಗೆ ಮೊದಲ ಸ್ಥಾನ. ಹೊರಗಿನವರ ಶಾಲೆಯೂ ಹಾಗೇ ನಡೆಯುತ್ತದೆಂದು ತಿಳಿದುಕೊಂಡು ಆ ಅಂಕಪಟ್ಟಿಯನ್ನು ಸಂತೋಷದಿಂದ ಓದಿ ಹೇಳಿದರು. ಅಧಿಕಾರಿ ಏಳುವಾಗ ಅಧ್ಯಕ್ಷರು ಲಿಫ್ಟಿನವರೆಗೂ ಹೋಗಿ, "ಬೇರೆ ಯಾರ ವಿಷಯ ಬೇಕಿದ್ದರೂ ಸಂಕೋಚ ಬೇಡ ಸರ್. ಇಲ್ಲಿ ಎಲ್ಲರದ್ದೂ ನಮಗೆ ಗೊತ್ತುಂಟು" ಎಂದು ಹೇಳಿ ಕಳಿಸಿದರು. ತಿರುಗಿ ಬಂದು ನನಗೆ, "ಅಮ್ಮ, ನಿಮ್ಮ ಮಗಳಿಗೆ ನೂರಕ್ಕೆ ನೂರು ಕೊಟ್ಟಿದ್ದೇನೆ" ಎಂದರು.

ಮನೆಗೆ ಬಂದು ಕೇಳಿದ್ದನ್ನೆಲ್ಲ ಹೇಳಿದೆ. ನಿಮ್ಮ ಅಮ್ಮ ಮೊದಲು ನಕ್ಕಳು. ನಿಮ್ಮ ಅಪ್ಪ, "ಯಾವ ಕಾವಲಿ? ಯಾವಾಗ?" ಎಂದು ಕೇಳಿದರು. ಅವರಿಗೆ ಆ ಸುದ್ದಿ ಗೊತ್ತಾದದ್ದೇ ಆಗ. ನಗು ಮುಗಿಯುವಷ್ಟರಲ್ಲಿ ಅವಳ ಮುಖ ಬಿಳುಪಾಯಿತು. ವಾರದೊಳಗೆ ಅಬುಧಾಬಿಯಿಂದ ಫೋನು. ವಿಚಾರಣೆಯಲ್ಲಿ ಒಂದು ಮಾತು ಬಂದಿದೆ, ಅದು ತೀರ್ಮಾನವಾಗುವ ತನಕ ಕಾಯಿರಿ ಎಂದು. ಹಳೇ ಕೆಲಸ ಬಿಟ್ಟಾಗಿದೆ, ಹೊಸದು ಗಾಳಿಯಲ್ಲಿದೆ, ಗಡುವು ಮಾತ್ರ ಯಾರಿಗೂ ಕಾಯುವುದಿಲ್ಲ. ನಿಮ್ಮ ಅಪ್ಪ ಅಟ್ಟದ ಮೇಲಿನ ಸೂಟ್‌ಕೇಸುಗಳನ್ನು ಇಳಿಸಿ ಒರೆಸಿಟ್ಟರು. ಚಿನ್ನು, ನೀನು ಅದರೊಳಗೆ ಕೂತು ಬಸ್ ಆಟ ಆಡಿದೆ.

ಮಿರ್ದಿಫಿಗೆ ಹೋದೆವು, ನಾನೂ ನಿಮ್ಮ ಅಮ್ಮನೂ. ಅಧ್ಯಕ್ಷರ ವಿಲ್ಲಾದ ಗೇಟಿನ ಬಳಿ ಮಗನ ಕಂಪನಿಯ ವ್ಯಾನು ನಿಂತಿತ್ತು. ಅದರ ಮೇಲೆ ಅಂಗಾತ ಬಿದ್ದ ಒಂದು ದೊಡ್ಡ ಜಿರಳೆಯ ಚಿತ್ರ. ಒಳಗೆ ಶಾಂತಿ.

"ಅಧ್ಯಕ್ಷರೇ, ಅವರಿಗೆ ಒಂದು ಫೋನು ಮಾಡಿ" ಎಂದು ನಿಮ್ಮ ಅಮ್ಮ ಬೇಡಿದಳು. "ಅದೆಲ್ಲ ನಮ್ಮ ಪ್ರಾರ್ಥನೆಯ ಪದ್ಧತಿ, ಎಲ್ಲರೂ ಹಾಗೇ ಹೇಳ್ತಾರೆ ಅಂತ ಒಂದು ಮಾತು ಹೇಳಿ."

"ಹೇಳಬಹುದಿತ್ತು ಮಗಳೇ. ಆದರೆ ಅವರು ಒಂದು ಅಭಿಪ್ರಾಯಕ್ಕೆ ಬಂದಿರಬಹುದು. ಅದು ತಪ್ಪು ಎಂದರೆ ಅವರಿಗೆ ನೋವಾಗುವುದಿಲ್ಲವೇ?"

"ನನ್ನ ಕೆಲಸ ಹೋಗ್ತದೆ!"

"ಈಗ ನಿನ್ನ ದನಿಯಲ್ಲಿ ಹಿಂಸೆ ಉಂಟು" ಎಂದರು ಅಧ್ಯಕ್ಷರು ಬಹಳ ಮೆದುವಾಗಿ. "ಭಾನುವಾರ ಒಪ್ಪಿಸು."

ಅವರಿಗೆ ಹೆದರಿಕೆ. ಸರಕಾರದವರ ಎದುರು ಹೇಳಿದ ಮಾತನ್ನು ಬದಲಿಸಿದರೆ ಎಲ್ಲಿ ತನ್ನ ಮೇಲೆಯೇ ಕಣ್ಣು ಬೀಳುತ್ತದೋ ಎಂದು. ಸತ್ಯದ ನೇಮ, ನೋವು ಮಾಡದ ನೇಮ, ಎರಡೂ ಅವರ ಮನೆಯ ಹಿಂದಿನ ಬಾಗಿಲುಗಳು. ಯಾವುದು ಬೇಕೋ ಅದರಿಂದ ಹೊರಗೆ ಹೋಗಬಹುದು. ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ನಿಮ್ಮ ಅಮ್ಮ ಗಡುವಿಗೆ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದಳು.

ಎರಡು ಮೂರು ದಿನ ಕಳೆದು, ನಿಮ್ಮ ಅಪ್ಪ ಅಮ್ಮ ಇಬ್ಬರೂ ಯಾವುದೋ ಆಫೀಸಿಗೆ ಹೋಗಿದ್ದಾಗ ಬೆಲ್ಲು ಆಯಿತು. ಅದೇ ಅಧಿಕಾರಿ. ಮನೆಯ ಸುತ್ತಮುತ್ತ ವಿಚಾರಿಸಿ ಮೇಲೆ ಬಂದಿದ್ದರು. ಹೊಸಿಲ ಹೊರಗೇ ನಿಂತು, ಹಿಂದಿಯವರು ತಾಯಿಯನ್ನು ಕರೆಯುವ ಹಾಗೆ, "ಮಾಜಿ, ಮಗಳಿದ್ದಾರಾ?" ಎಂದರು. ಪುಟ್ಟ ಸೊಂಟದ ಮೇಲಿಂದ ಅವರ ಪೆನ್ನಿಗೆ ಕೈ ಚಾಚಿದ. ಅವರು ಕೊಟ್ಟುಬಿಟ್ಟರು. ಅವನು ಅದನ್ನು ಬಾಯಿಗೆ ಹಾಕಿದ. ಸರಕಾರದ ಪೆನ್ನು ಚೀಪಿದ ಮಗು ನೀನು, ನೆನಪಿರಲಿ.

ನೀರು ಕೊಟ್ಟೆ. ಕುಡಿದು ಕೇಳಿದರು, "ಮಾಜಿ, ನೀವೂ ಆ ಸಂಘಕ್ಕೆ ಹೋಗುತ್ತೀರಂತೆ. ನೀವು ಅಲ್ಲಿ ಏನು ಒಪ್ಪಿಸುತ್ತೀರಿ?"

"ಏನೂ ಇಲ್ಲ."

"ಯಾಕೆ?"

ಆಗ ಹೇಗೋ ಬಾಯಿಗೆ ಮಾತು ಬಂತು. ಧಾರಾವಾಹಿಯ ಹಿಂದಿಯಲ್ಲೇ ಹೇಳಿದೆ. "ಅಲ್ಲಿ ಹೇಳಿದರೆ ನಿಮಗೆ ಗೊತ್ತಾಗುತ್ತದಲ್ಲ, ಸಾಬ್."

ಅವರು ಜೋರಾಗಿ ನಕ್ಕರು. ಆ ನಗೆ ಕೇಳಿ ನನಗೆ ಇನ್ನೂ ಒಂದಿಷ್ಟು ಧೈರ್ಯ ಬಂತು. "ಭಾನುವಾರ ಬನ್ನಿ. ಕೂತು ಕೇಳಿ. ಎಲ್ಲರದ್ದೂ ಕೇಳಿ" ಎಂದೆ. "ಇನ್‌ಶಾ ಅಲ್ಲಾ, ಮಾಜಿ" ಎಂದು ಪೆನ್ನನ್ನು ಪುಟ್ಟನ ಬಳಿಯೇ ಬಿಟ್ಟು ಹೋದರು.

ನನ್ನ ಅಂದಾಜು ಏನೆಂದರೆ, ಅವರು ಬಂದು ಕೂತರೆ ಒಬ್ಬೊಬ್ಬರೂ ಎದ್ದು ತಮ್ಮ ಕೊಲೆ ಸುಲಿಗೆ ಒಪ್ಪಿಸುತ್ತಾರೆ, ಅದರ ಮುಂದೆ ನಮ್ಮ ಹುಡುಗಿಯ ದೋಸೆ ಕಾವಲಿ ಏನೂ ಅಲ್ಲವೆಂದು ಅವರಿಗೇ ಗೊತ್ತಾಗುತ್ತದೆ ಎಂದು. ಊರಿನ ಶಾಲೆಯ ಬುದ್ಧಿ. ಇನ್‌ಸ್ಪೆಕ್ಟರು ಬಂದ ದಿನ ತರಗತಿ ಹೇಗಿರುತ್ತದೆಂದು ಮರೆತಿದ್ದೆ.

ಭಾನುವಾರ ಅವರು ಬಂದರು. ಕುರ್ಚಿ ಬೇಡವೆಂದು ಹಿಂದೆ ಗೋಡೆಗೆ ಒರಗಿ, ನನಗಿಂತ ಸ್ವಲ್ಪ ಆಚೆ ಕೂತರು. ಒಪ್ಪಿಸುವುದು ಸುರುವಾಯಿತು.

ಮೊದಲು ಕಾರ್ಯದರ್ಶಿ. ವಾರಕ್ಕೊಮ್ಮೆ ನಾದಿನಿಯನ್ನು ಟ್ಯಾಕ್ಸಿಯ ಅಡಿಗೆ ಹಾಕುವ ಆ ಹೆಂಗಸು ಎದ್ದು ಕೈಮುಗಿದು, "ಈ ವಾರ ಏನೂ ಇಲ್ಲ" ಎಂದರು. ಆಮೇಲೆ ಪಕ್ಕದವರು. "ಏನೂ ಇಲ್ಲ." ಬಾಡಿಗೆದಾರನನ್ನು ಮಹಡಿಯಿಂದ ಎಸೆಯುತ್ತಿದ್ದವರು, "ಏನೂ ಇಲ್ಲ, ಶಾಂತಿ." ಸಾಲು ಸಾಲಾಗಿ ಏನೂ ಇಲ್ಲ. ಆವತ್ತು ಬರ್ ದುಬೈಯಲ್ಲಿ ವಿಶ್ವಶಾಂತಿ ಸ್ಥಾಪನೆಯಾಗಿತ್ತು. ಅದಕ್ಕೆ ಒಬ್ಬ ಸರಕಾರಿ ನೌಕರ ಗೋಡೆಗೆ ಒರಗಿ ಕೂತರೆ ಸಾಕಿತ್ತು.

ನಾನೇ ಕರೆದು ತಂದೆನಲ್ಲ! ಎಲ್ಲರೂ ದೇವರಂಥವರು, ನಮ್ಮವಳು ಒಬ್ಬಳೇ ರಾಕ್ಷಸಿ ಎಂದು ಇನ್ನು ಮೊಹರು ಬೀಳುತ್ತದೆ.

ನಿಮ್ಮ ಅಮ್ಮನ ಸರದಿ ಬಂತು. ನಿಮ್ಮ ಅಪ್ಪ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದರು, "ಇವತ್ತೊಂದು ದಿನ ಬಾಯಿ ಮುಚ್ಚು ಮಾರಾಯ್ತಿ, ನಿನ್ನ ಕಾಲಿಗೆ ಬೀಳ್ತೇನೆ." ಅವಳು ಎದ್ದು ನಿಂತಳು. ಹಿಂದೆ ತಿರುಗಿ ಗೋಡೆಯ ಬಳಿ ಒಮ್ಮೆ ನೋಡಿದಳು.

"ಈ ವಾರ ನನಗೆ ಈ ಕೋಣೆಯಲ್ಲಿರುವ ಎಲ್ಲರ ಮೇಲೂ ಸಿಟ್ಟು ಬಂದಿದೆ" ಎಂದಳು. "ಇಲ್ಲಿ ಹೇಳಿದ್ದು ಇಲ್ಲಿಯೇ ಶಾಂತವಾಗ್ತದೆ ಅಂತ ನಂಬಿದ್ದೆ. ಮತ್ತೆ ಎರಡು ಜಿರಳೆ." ಕೂತಳು.

"ಶಾಂತವಾಗಲಿ" ಎಂದರು ಎಲ್ಲರೂ, ಸ್ವಲ್ಪ ಹಿಂದೆ ಮುಂದೆಯಾಗಿ.

ಅಧಿಕಾರಿ ಹಿಂದಿನಿಂದ ಮರ್ಯಾದೆಯಲ್ಲೇ ಕೇಳಿದರು. "ಅಧ್ಯಕ್ಷರೇ, ಇಲ್ಲಿ ಎಲ್ಲರದ್ದೂ ನಿಮಗೆ ಗೊತ್ತುಂಟು ಎಂದಿದ್ದಿರಿ. ಇಷ್ಟು ಜನರಲ್ಲಿ ಸಿಟ್ಟು ಬರುವುದು ಅವರೊಬ್ಬರಿಗೇನಾ?"

ಅಧ್ಯಕ್ಷರು ನಕ್ಕರು. 'ಹೌದು' ಎಂದರೆ ಸುಳ್ಳು, 'ಇಲ್ಲ' ಎಂದರೆ ನೋವು. ಮೊದಲ ಬಾರಿ ಎರಡು ಬಾಗಿಲೂ ಒಟ್ಟಿಗೆ ಮುಚ್ಚಿದ್ದವು. ನಗುತ್ತಲೇ ಇದ್ದರು. ನನಗೆ ನಿಮ್ಮ ಅಜ್ಜನ ಬಸ್ಸು ನೆನಪಾಯಿತು.

ಆಮೇಲೆ ಏನಾಯಿತೆಂದರೆ, ನಾನು ಎದ್ದು ನಿಂತಿದ್ದೆ. ನನ್ನ ಸರದಿಯೂ ಆಗಿರಲಿಲ್ಲ. ಹಿಂದಿ ಪೂರ್ತಿ ಓಡಿಹೋಗಿತ್ತು. ಕನ್ನಡದಲ್ಲೇ ಹೇಳಿದೆ.

"ಈ ವಾರ ನಾನು ನಮ್ಮ ಅಧ್ಯಕ್ಷರಿಗೆ ಹಿಡಿಸೂಡಿಯಲ್ಲಿ ಹೊಡೆದಿದ್ದೇನೆ. ಮನಸ್ಸಿನಲ್ಲಿ. ಮಿರ್ದಿಫಿನಿಂದ ಸುರು ಮಾಡಿದ್ದು, ಮನೆ ಮುಟ್ಟುವ ತನಕ. ಸ್ನಾನ ಮಾಡುವಾಗ ಪುನಃ. ಬಹಳ ಹಿತವಾಯಿತು."

ಅಧಿಕಾರಿ ನಿಮ್ಮ ಅಮ್ಮನ ಕಡೆ ನೋಡಿ, "ಏನಂದರು?" ಎಂದರು.

ಅವಳು ಮುಂದಿನ ಸಾಲಿನಿಂದ ನನ್ನ ಕಡೆ ತಿರುಗಿದಳು. "ಅಮ್ಮ, ಎಂತ ಇದು?" ಎಂದು ಪಿಸುಗುಟ್ಟಿದಳು.

"ಹೇಳು. ಒಂದು ಅಕ್ಷರ ಬಿಡಬೇಡ" ಎಂದೆ.

ಅವಳು ಹಿಂದಿಯಲ್ಲಿ ಹೇಳಿದಳು. ತೆಂಗಿನ ಗರಿಯ ಕಡ್ಡಿಯಿಂದ ಮಾಡಿದ ಪೊರಕೆ ಎಂದು ವಿವರಿಸಿ, ಎಷ್ಟು ಉದ್ದವೆಂದು ಕೈಯಲ್ಲಿ ತೋರಿಸಿಯೂ ಹೇಳಿದಳು. ಆಗ ಮುಂದಿನ ಸಾಲಿನ ತುದಿಯಲ್ಲಿ ಕೂತಿದ್ದ ಒಬ್ಬರು ದಪ್ಪ ಹೆಂಗಸು, ಬಟ್ಟೆ ಅಂಗಡಿಯವರ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡರು. ತಡೆಯಲಾಗಲಿಲ್ಲ. ಭುಸ್ಸೆಂದು ನಗು ಬಂತು.

"ಕ್ಷಮಿಸಿ ಅಧ್ಯಕ್ಷರೇ" ಎಂದರು ಎದ್ದು, "ನಾನೂ ಈ ವಾರ ನಿಮ್ಮ ಬಾಯಿಗೆ ನಿಮ್ಮದೇ ಶಾಲು ತುರುಕಿದ್ದೇನೆ. ನನ್ನ ಸೊಸೆಯ ವಿಷಯ ನೀವು ಆಚೆ ಹೇಳಿದ್ದಕ್ಕೆ."

"ನಾನು ನಿಮ್ಮ ಕಾರಿನ ಗಾಳಿ ತೆಗೆದೆ" ಎಂದರು ಹಿಂದಿನಿಂದ ಒಬ್ಬ ಮುದುಕರು. "ನಾಲ್ಕು ಚಕ್ರದ್ದೂ. ಮನಸ್ಸಿನಲ್ಲಿ."

ಆಮೇಲೆ ಸರದಿಯೂ ಇಲ್ಲ, ಸಾಲೂ ಇಲ್ಲ. ನಾದಿನಿ, ಬಾಡಿಗೆದಾರ, ಟ್ಯಾಕ್ಸಿ, ಎಲ್ಲ ವಾಪಸು ಬಂದರು. ಆದರೆ ಹೆಚ್ಚಿನ ಪೆಟ್ಟು ಬಿದ್ದದ್ದು ಅಧ್ಯಕ್ಷರಿಗೇ. ಅವರು ಕಣ್ಣು ಮುಚ್ಚಿ, "ಶಾಂತವಾಗಲಿ, ಶಾಂತವಾಗಲಿ" ಎನ್ನುತ್ತಲೇ ಇದ್ದರು. ಇಷ್ಟೊಂದು ಜನ ಒಟ್ಟಿಗೆ ಹೊಡೆಯುವಾಗ ಬೇರೇನು ಹೇಳಿಯಾರು, ಪಾಪ. ಅಧಿಕಾರಿ ತಲೆ ತಗ್ಗಿಸಿದ್ದರು. ಅವರ ಭುಜ ಅಲುಗುತ್ತಿತ್ತು. ನಾನು ಒಳಗೆ ಹೋಗಿ ಚಾಕ್ಕೆ ನೀರಿಟ್ಟೆ. ಶುಂಠಿಯನ್ನು ಬೇಕಾದದ್ದಕ್ಕಿಂತ ಜಾಸ್ತಿಯೇ ಜಜ್ಜಿದೆ.

ಹೊರಡುವಾಗ ಅವರು ಅಡಿಗೆ ಕೋಣೆಯ ಬಾಗಿಲಿಗೆ ಬಂದರು. "ಮಾಜಿ, ಆ ಪೊರಕೆ ಮನೆಯಲ್ಲಿದೆಯಾ?"

"ಊರಿನಲ್ಲಿದೆ ಸಾಬ್."

"ಒಳ್ಳೆಯದು. ಅಲ್ಲಿಯೇ ಇರಲಿ" ಎಂದು ಲೋಟ ಕೆಳಗಿಟ್ಟು ಹೋದರು.

ಅವರು ಏನು ಬರೆದರು, ಬರೆಯಲಿಲ್ಲ, ನಮಗೆ ಇವತ್ತಿಗೂ ಗೊತ್ತಿಲ್ಲ. ಗಡುವು ಮುಗಿಯಲು ಇನ್ನೇನು ಬಂತು ಎನ್ನುವಾಗ ಅಬುಧಾಬಿಯಿಂದ ಫೋನು ಬಂತು, ಕೆಲಸಕ್ಕೆ ಬನ್ನಿ ಎಂದು. ನಿಮ್ಮ ಅಮ್ಮ ನನ್ನನ್ನು ಅಪ್ಪಿಕೊಂಡು ಅತ್ತಳು. ನಿಮ್ಮ ಅಪ್ಪ, "ಮಾಮಿ, ಇನ್ನು ಮುಂದೆ ನಾನು ನಿಮ್ಮ ಎದುರು ಜಾಗ್ರತೆಯಲ್ಲಿರ್ತೇನೆ" ಎಂದು ಕೈಮುಗಿದರು. ಸೂಟ್‌ಕೇಸುಗಳು ಊರಿನ ಬದಲು ಅಬುಧಾಬಿಗೆ ಹೊರಟವು. ಈ ಮನೆಯಲ್ಲಿ ಜಿರಳೆ ಇಲ್ಲ. ನಿಮ್ಮ ಅಮ್ಮ ಈಗ ಎಲ್ಲಿಯೂ ಏನೂ ಒಪ್ಪಿಸುವುದಿಲ್ಲ, ಸಿಟ್ಟು ಬಂದರೆ ಅಲ್ಲಿಯೇ ನಮ್ಮ ಮೇಲೆ ತೀರಿಸುತ್ತಾಳೆ. ಅದೇ ಆರೋಗ್ಯ.

ಅಧ್ಯಕ್ಷರು ಸುದ್ದಿ ಕೇಳಿ ಫೋನು ಮಾಡಿದ್ದರು. "ನೋಡಿದಿರಾ, ನಮ್ಮ ಸಹಕಾರದ ಫಲ" ಎಂದರು. ಸಂಘದ ವಾರ್ಷಿಕೋತ್ಸವಕ್ಕೆ ಆ ಅಧಿಕಾರಿಯನ್ನೇ ಮುಖ್ಯ ಅತಿಥಿಯಾಗಿ ಕರೆದಿದ್ದರಂತೆ. ಅವರು ಬರಲಿಲ್ಲ. ಬರದವರಿಗಾಗಿ ಇಟ್ಟ ಕುರ್ಚಿಗೆ ಹಾರ ಹಾಕಿದರೆಂದು ಬಟ್ಟೆ ಅಂಗಡಿಯವರ ಹೆಂಡತಿ ನನಗೆ ಹೇಳಿ ನಕ್ಕದ್ದುಂಟು. ಈಗ ನನ್ನ ಜೊತೆ ಫೋನಿನಲ್ಲಿ ಮಾತಾಡುವವರು ಅವರೊಬ್ಬರೇ.

ಮಕ್ಕಳೇ, ಸಿಟ್ಟು ಬಂದವರಿಗೆ ಹೆದರಬೇಡಿ. ಸಿಟ್ಟೇ ಬರುವುದಿಲ್ಲ ಎನ್ನುವವರು ಪಕ್ಕದಲ್ಲಿ ಬಂದು ಕೂತರೆ ಮನೆಯ ಸುದ್ದಿ ಎತ್ತಬೇಡಿ. ಇಷ್ಟು ನೆನಪಿದ್ದರೆ ನನಗೆ ಸಾಕು.

ಈ ಹಾಳೆಗಳನ್ನು ಜೋಪಾನ ಮಾಡಿ. ನನ್ನ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ಪುಟ್ಟ ಚೀಪಿದ ಆ ಪೆನ್ನು ಉಂಟು. ಅದರ ಜೊತೆಗೆ ಇಡಿ. ಇದನ್ನು ಬರೆದದ್ದೂ ಅದೇ ಪೆನ್ನಿನಲ್ಲಿ. ಮುಂದೆ ಯಾವತ್ತಾದರೂ ಯಾರಾದರೂ ಬಂದು ಬಹಳ ಮೆದುವಾಗಿ ನಿಮ್ಮ ಅಜ್ಜಿ ಹೇಗಿದ್ದರು ಎಂದು ಕೇಳಿದರೆ ಒಳಗೆ ಕೂರಿಸಿ, ಶುಂಠಿ ಹಾಕಿ ಚಾ ಮಾಡಿ ಕೊಡಿ. ಹಾಳೆಗಳನ್ನು ಮಾತ್ರ ಕೊಡಬೇಡಿ.